ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರು ಒಡೆಯುವ ಪುಡಿಯನ್ನು ಹುಡುಕುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಬಿಸಿಲಿನ ಬಲದಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡುವ ಬಗ್ಗೆ ಅರ್ಧ ಪುಟದ ಟಿಪ್ಪಣಿ ಹಾಕಿದ್ದೆವು. ಆ ಕೆಲಸಕ್ಕೆ ಬೇಕಾದ ಕ್ಯಾಟಲಿಸ್ಟ್‌ಗಳನ್ನು (ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಸುಲಭ ಮಾಡಿಕೊಡುವ ಪದಾರ್ಥಗಳು) ಈಗ ಒಂದೊಂದಾಗಿ ಅಲ್ಲ, ಸಾವಿರಗಟ್ಟಲೆ ಒಟ್ಟಿಗೆ ಮಾಡಿ ಪರೀಕ್ಷಿಸುತ್ತಾರೆ ಅಂತ ಅದರಲ್ಲಿ ಒಂದು ಸಾಲಿತ್ತು. ಆ ಒಂದು ಸಾಲಿಗೇ ರಾಶಿ ಪತ್ರ ಬಂದಿವೆ, ಜಾಸ್ತಿ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ. ಕೆಲವರು ಹೆಸರು ಹಾಕಬೇಡಿ ಎಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸಾರ್, ನಮ್ಮ ಲ್ಯಾಬಿನಲ್ಲಿ ಒಂದು ಸ್ಯಾಂಪಲ್ ಮಾಡಿ, ಕಾಯಿಸಿ, ರೀಡಿಂಗ್ ತೆಗೆಯುವಷ್ಟರಲ್ಲಿ ವಾರ ಮುಗಿದಿರುತ್ತೆ. ಸಾವಿರಗಟ್ಟಲೆ ಅಂದರೆ ಹೇಗೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಂಕ್‌ಜೆಟ್ ಪ್ರಿಂಟರ್‌ನಿಂದ! ತಮಾಷೆ ಮಾಡುತ್ತಿಲ್ಲ. ಡಿ.ಟಿ.ಪಿ. ಅಂಗಡಿಯಲ್ಲಿ ಫೋಟೋ ಪ್ರಿಂಟ್ ತೆಗೆಯುವ ಯಂತ್ರದ ತತ್ವವೇ ಇದು. ಬಣ್ಣದ ಶಾಯಿಯ ಬದಲು ಲೋಹದ ಲವಣಗಳ ದ್ರಾವಣ ತುಂಬುತ್ತಾರೆ. ಒಂದು ಕಡೆ ನಿಕ್ಕಲ್, ಇನ್ನೊಂದು ಕಡೆ ಕಬ್ಬಿಣ, ಮತ್ತೊಂದು ಕಡೆ ಕೋಬಾಲ್ಟ್. ಯಾವ ಚುಕ್ಕೆಗೆ ಯಾವುದು ಎಷ್ಟು ಬೀಳಬೇಕು ಅನ್ನೋದು ಕಂಪ್ಯೂಟರ್ ಲೆಕ್ಕ. ಕರೆಂಟು ಹರಿಯುವಂಥ ಲೇಪನ ಇರುವ ಗಾಜಿನ ತಟ್ಟೆಯ ಮೇಲೆ ಸಾಲಾಗಿ ಚುಕ್ಕೆ ಹಾಕಿ, ಇಡೀ ತಟ್ಟೆಯನ್ನು ಒಲೆಗೆ ಇಟ್ಟರೆ ಎಲ್ಲಾ ಚುಕ್ಕೆಗಳೂ ಒಂದೇ ಸಲಕ್ಕೆ ಆಕ್ಸೈಡ್ ಆಗುತ್ತವೆ. ನೀವು ಒಂದು ಸ್ಯಾಂಪಲ್ ಕಾಯಿಸುವ ಹೊತ್ತಿಗೆ ಅವರದು ಸಾವಿರ ಸ್ಯಾಂಪಲ್ ಕಾದಿರುತ್ತೆ, ಅಷ್ಟೇ ವ್ಯತ್ಯಾಸ.

ಇದನ್ನು ಮೊದಲು ಚೆನ್ನಾಗಿ ಮಾಡಿ ತೋರಿಸಿದವರಲ್ಲಿ ಅಮೆರಿಕದ ಥಾಮಸ್ ಮಲೂಕ್ ಅವರ ತಂಡ ಒಂದು. 1998ರಲ್ಲಿ ಫ್ಯುಯೆಲ್ ಸೆಲ್‌ಗೆ (ಇಂಧನದಿಂದ ನೇರವಾಗಿ ಕರೆಂಟು ಮಾಡುವ ಸಾಧನ) ಕ್ಯಾಟಲಿಸ್ಟ್ ಹುಡುಕಲು ಅವರು 645 ಚುಕ್ಕೆಗಳನ್ನು ಹೀಗೇ ಪ್ರಿಂಟ್ ಮಾಡಿದರು. ಮಾಡುವುದು ಸರಿ, ಅಷ್ಟನ್ನೂ ಅಳೆಯೋದು ಹೇಗೆ? ದ್ರಾವಣಕ್ಕೆ ಒಂದು ಬಣ್ಣ ಬೆರೆಸಿದರು. ಆಮ್ಲತೆ ಬದಲಾದಾಗ ಅತಿನೇರಳೆ ದೀಪದಡಿ ಹೊಳೆಯುವ ಬಣ್ಣ ಅದು. ಕೆಲಸ ಜೋರಾಗಿ ನಡೆಯುವ ಚುಕ್ಕೆಯ ಸುತ್ತ ಆಮ್ಲತೆ ಹೆಚ್ಚುತ್ತೆ, ಅಲ್ಲಿ ಹೊಳಪು ಕಾಣುತ್ತೆ. ಮೀಟರ್ ಬೇಡ, ಕಣ್ಣೇ ಸಾಕು.

2010ರಲ್ಲಿ ಅಮೆರಿಕ ಸರ್ಕಾರ ಕೃತಕ ದ್ಯುತಿಸಂಶ್ಲೇಷಣೆಗೆ, ಅಂದರೆ ಗಿಡಗಳ ಥರ ಬಿಸಿಲಿನಿಂದ ಇಂಧನ ಮಾಡುವುದಕ್ಕೆ ಅಂತಲೇ ಒಂದು ದೊಡ್ಡ ಕೇಂದ್ರ ತೆರೆಯಿತು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಮತ್ತು ಬರ್ಕ್‌ಲಿ ಲ್ಯಾಬ್ ಅದರ ಮುಖ್ಯ ಜಾಗಗಳಾಗಿದ್ದವು. ಜಾನ್ ಗ್ರೆಗೊಯರ್ ಅವರ ತಂಡ ಅಲ್ಲಿ ನಿಕ್ಕಲ್, ಕಬ್ಬಿಣ, ಕೋಬಾಲ್ಟ್, ಸೀರಿಯಂ ನಾಲ್ಕನ್ನೂ ಬೆರೆಸಿ 5456 ಬಗೆಯ ಆಕ್ಸೈಡ್ ಪ್ರಿಂಟ್ ಮಾಡಿತು. ಈ 5456 ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಹಾಕಬಹುದು. ಒಟ್ಟು 30 ಪಾಲು ಇದೆ ಅಂದುಕೊಳ್ಳಿ. ಆ ಪಾಲುಗಳನ್ನು ನಾಲ್ಕು ಲೋಹಗಳಿಗೆ ಎಷ್ಟು ಥರ ಹಂಚಬಹುದು? ಕೆಲವಕ್ಕೆ ಸೊನ್ನೆ ಬಂದರೂ ಪರವಾಗಿಲ್ಲ. 33×32×31 ಅನ್ನು 6ರಿಂದ ಭಾಗಿಸಿ, ಸರಿಯಾಗಿ ಅದೇ ಸಂಖ್ಯೆ ಬರುತ್ತೆ. ಅಂದರೆ ಬರೀ ನಾಲ್ಕು ಲೋಹ, ಶೇ 3.3ರಷ್ಟು ಹೆಜ್ಜೆ, ಅಷ್ಟಕ್ಕೇ ಐದೂವರೆ ಸಾವಿರದ ಹತ್ತಿರ ಹೋಯಿತು. ಐದನೇ ಲೋಹ ಸೇರಿಸಿದರೆ 46 ಸಾವಿರ ದಾಟುತ್ತೆ. ಕೈಯಲ್ಲಿ ಮಾಡುತ್ತಾ ಕೂತರೆ ಜನ್ಮ ಸಾಲದು.

ಅಳೆಯಲು ಅವರು ಮಾಡಿಕೊಂಡ ಸಾಧನ ನನಗೆ ಬಹಳ ಇಷ್ಟ. ಒಂದು ಸಣ್ಣ ಮೂತಿ, ಅದರ ತುದಿಯಲ್ಲಿ ಒಂದೇ ಒಂದು ಹನಿ ಎಲೆಕ್ಟ್ರೋಲೈಟ್ (ಕರೆಂಟು ಹರಿಯುವ ದ್ರಾವಣ) ನೇತಾಡುತ್ತಿರುತ್ತೆ, ಚುಕ್ಕೆಯೇ ಒಂದು ಎಲೆಕ್ಟ್ರೋಡ್, ಉಳಿದ ಎರಡು ಎಲೆಕ್ಟ್ರೋಡ್‌ಗಳು ಮೂತಿಯ ಒಳಗೇ ಇರುತ್ತವೆ. ಹನಿ ಚುಕ್ಕೆಗೆ ತಾಗುತ್ತೆ, ವೋಲ್ಟೇಜ್ ಏರುತ್ತೆ, ಕರೆಂಟು ದಾಖಲಾಗುತ್ತೆ, ಮೂತಿ ಮುಂದಿನ ಚುಕ್ಕೆಗೆ ಸರಿಯುತ್ತೆ. ರಾತ್ರಿಯೆಲ್ಲಾ ಅದರ ಪಾಡಿಗೆ ಅದು.

ಸಿಕ್ಕಿದ್ದೇನು? ಸೀರಿಯಂ ಜಾಸ್ತಿ ಇರುವ ಒಂದು ಗುಂಪು ಚೆನ್ನಾಗಿ ಕೆಲಸ ಮಾಡಿತು. ಸೀರಿಯಂ ಆಕ್ಸೈಡ್ ಒಂದೇ ಇದ್ದರೆ ಈ ಕೆಲಸಕ್ಕೆ ಪ್ರಯೋಜನವಿಲ್ಲ. ಹಾಗಾಗಿ ಬುದ್ಧಿವಂತರು ಯಾರೂ ಆ ಮೂಲೆಗೆ ಹೋಗುತ್ತಿರಲಿಲ್ಲ. ಪ್ರಿಂಟರ್‌ಗೆ ಅಷ್ಟು ಬುದ್ಧಿ ಇಲ್ಲ, ಅದು ಎಲ್ಲಾ ಮೂಲೆಗೂ ಹೋಗುತ್ತೆ.

ಪ್ರಶ್ನೆ: ಇದು ಬರೀ ಹಾಕಿ ನೋಡು, ತೆಗೆದು ನೋಡು ಅನ್ನೋ ಕೆಲಸ ಆಯಿತಲ್ಲ. ಇದರಲ್ಲಿ ವಿಜ್ಞಾನ ಎಲ್ಲಿದೆ?
– ನಿವೃತ್ತ ವಿಜ್ಞಾನ ಶಿಕ್ಷಕರು, ಹೊಳಲ್ಕೆರೆ

ಉತ್ತರ: ಮೇಷ್ಟ್ರೇ, ನಮ್ಮ ಹೊಲಕ್ಕೆ ಬೀಳುವ ಯೂರಿಯಾ ಬಂದಿದ್ದೇ ಹಾಕಿ ನೋಡು, ತೆಗೆದು ನೋಡು ಅನ್ನೋದರಿಂದ. ಯೂರಿಯಾಗೆ ಬೇಕಾದ ಅಮೋನಿಯಾವನ್ನು ಗಾಳಿಯ ಸಾರಜನಕದಿಂದ ಮಾಡಬಹುದು ಅಂತ ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದಾಗ ಅವರ ಕ್ಯಾಟಲಿಸ್ಟ್ ಆಸ್ಮಿಯಂ. ಅದು ಪ್ರಪಂಚದಲ್ಲೇ ಬಹಳ ಅಪರೂಪದ ಲೋಹ. ಅದನ್ನು ನಂಬಿ ಕಾರ್ಖಾನೆ ಕಟ್ಟುವಂತಿರಲಿಲ್ಲ. ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯಲ್ಲಿ ಆಲ್ವಿನ್ ಮಿಟ್ಟಾಶ್ ಅನ್ನುವವರು ಹುಡುಕಲು ಕೂತರು. 1912ರ ಹೊತ್ತಿಗೆ ಸುಮಾರು 2500 ಪದಾರ್ಥ, 6500 ಪ್ರಯೋಗ. ಸ್ವೀಡನ್ನಿನ ಗೆಲ್ಲಿವಾರೆ ಎಂಬ ಊರಿನ ಕಬ್ಬಿಣದ ಅದಿರಿನ ಒಂದು ಚೂರು ಉಳಿದ ಕಬ್ಬಿಣಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ಯಾಕೆ ಅಂತ ಬೆನ್ನು ಹತ್ತಿದಾಗ, ಕಬ್ಬಿಣಕ್ಕಿಂತ ಅದರಲ್ಲಿದ್ದ ಕಲಬೆರಕೆಯೇ ಮುಖ್ಯ ಅಂತ ಗೊತ್ತಾಯಿತು. ಆಮೇಲೆ ಬೇಕೆಂತಲೇ ಅಲ್ಯೂಮಿನಾ, ಪೊಟ್ಯಾಸಿಯಂ ಬೆರೆಸಿದರು. ಈಗಲೂ ಅಮೋನಿಯಾ ಕಾರ್ಖಾನೆಗಳಲ್ಲಿ ಹೆಚ್ಚುಕಮ್ಮಿ ಅದೇ ಮಿಶ್ರಣ.

ವಿಜ್ಞಾನ ಇರೋದು ಆ "ಯಾಕೆ"ಯಲ್ಲಿ. ಅದು ಪ್ರಯೋಗಕ್ಕೆ ಮುಂಚೆ ಬರಬಹುದು, ಆಮೇಲೂ ಬರಬಹುದು.

ಈಗ ಮುಂಚೆ ಬರುವುದು ಜಾಸ್ತಿ ಆಗುತ್ತಿದೆ. 2011ರಲ್ಲಿ ಬರ್ಕ್‌ಲಿಯಲ್ಲಿ ಮೆಟೀರಿಯಲ್ಸ್ ಪ್ರಾಜೆಕ್ಟ್ ಶುರುವಾಯಿತು. ಸಾವಿರಾರು ಹರಳುಗಳ ಗುಣವನ್ನು ಸೂಪರ್ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿದ್ದಾರೆ. ಅದನ್ನು ಬಳಸಿ 174 ವನಡೇಟ್‌ಗಳನ್ನು ಜರಡಿ ಹಿಡಿದರು. ವನಡೇಟ್ ಅಂದರೆ ವನಾಡಿಯಂ, ಆಮ್ಲಜನಕ ಮತ್ತು ಇನ್ನೊಂದು ಲೋಹ ಸೇರಿದ್ದು. ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತದಾ? ನೀರಿನಲ್ಲಿ ಕರಗದೆ ಉಳಿಯುತ್ತದಾ? ಪಾಸಾದವನ್ನು ಮಾತ್ರ ಲ್ಯಾಬಿನಲ್ಲಿ ಮಾಡಿ ನೋಡಿದರು. 2017ರಲ್ಲಿ ಹೊರಬಂದ ಫಲ: ಎರಡು ವರ್ಷದಲ್ಲಿ 12 ಹೊಸ ಫೋಟೋಆನೋಡ್, ಅಂದರೆ ಬೆಳಕು ಬಿದ್ದಾಗ ನೀರಿನಿಂದ ಆಮ್ಲಜನಕ ಬಿಡಿಸುವ ಎಲೆಕ್ಟ್ರೋಡ್. ಅದಕ್ಕೂ ಹಿಂದಿನ 40 ವರ್ಷದಲ್ಲಿ ಸಿಕ್ಕಿದ್ದ ಅಂಥ ಆಕ್ಸೈಡ್‌ಗಳು ಬರೀ 16. ಆ 40 ವರ್ಷದ ಲೆಕ್ಕ ಹೆಚ್ಚುಕಮ್ಮಿ ಶುರುವಾಗೋದು ಜಪಾನಿನ ಫುಜಿಶಿಮ, ಹೊಂಡಾ ಅವರಿಂದ. ಟೈಟಾನಿಯಂ ಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರು ಒಡೆಯಬಹುದು ಅಂತ ಅವರು 1972ರಲ್ಲಿ ಪ್ರಕಟಿಸಿದ್ದರು.

ಪ್ರಶ್ನೆ: ಇಷ್ಟೆಲ್ಲಾ ಸಿಕ್ಕಿದೆ ಅಂತೀರಿ. ಮಾರ್ಕೆಟ್ಟಿಗೆ ಯಾಕೆ ಬಂದಿಲ್ಲ? ಪೇಪರಿನಲ್ಲಿ ಓದೋದೇ ಆಯ್ತು.
– ದಲಾಲಿ ಅಂಗಡಿಯವರು, ದಾವಣಗೆರೆ

ಉತ್ತರ: ನಿಮ್ಮ ವ್ಯಾಪಾರದ್ದೇ ಉದಾಹರಣೆ ಕೊಡುತ್ತೇನೆ. ಎ.ಪಿ.ಎಂ.ಸಿ. ಯಾರ್ಡಿಗೆ ಮೆಕ್ಕೆಜೋಳ ಬಂದಾಗ ಒಂದು ಹಿಡಿ ಕಾಳು ತೇವಾಂಶದ ಮೀಟರಿಗೆ ಹಾಕುತ್ತೀರಿ. ಅರ್ಧ ನಿಮಿಷದಲ್ಲಿ ನಂಬರ್ ಬರುತ್ತೆ, ರೇಟು ಹೇಳುತ್ತೀರಿ. ಅದೇ ಮಾಲು ಆರು ತಿಂಗಳು ಗೋಡೌನಿನಲ್ಲಿ ಕೂತರೆ ಹುಳ ಬೀಳುತ್ತದಾ, ಬೂಷ್ಟು ಹಿಡಿಯುತ್ತದಾ? ಅದನ್ನು ಆ ಮೀಟರ್ ಪೂರ್ತಿ ಹೇಳುವುದಿಲ್ಲ ಅಲ್ವಾ? ಆರು ತಿಂಗಳು ಇಟ್ಟೇ ನೋಡಬೇಕು. ಕ್ಯಾಟಲಿಸ್ಟ್‌ನದೂ ಇದೇ ಪಾಡು.

ಮಾಮೂಲಿ ಉಷ್ಣತೆಯಲ್ಲಿ ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು, ಅದು ಪ್ರಕೃತಿಯ ಲೆಕ್ಕ, ಅದಕ್ಕಿಂತ ಕಡಿಮೆಗೆ ಯಾರೂ ಮಾಡಲಾರರು. ನಿಜವಾದ ಯಂತ್ರದಲ್ಲಿ 1.8ರಿಂದ 2 ವೋಲ್ಟ್ ಬೇಕಾಗುತ್ತೆ. ಆ ಹೆಚ್ಚುವರಿಯೇ ನಷ್ಟ, ಅದನ್ನು ಇಳಿಸುವುದೇ ಕ್ಯಾಟಲಿಸ್ಟ್ ಕೆಲಸ. ನಷ್ಟ ಜಾಸ್ತಿ ಆಗೋದು ಆಮ್ಲಜನಕ ಹೊರಬರುವ ಕಡೆ, ಯಾಕೆಂದರೆ ಒಂದು ಆಮ್ಲಜನಕದ ಅಣುವಿಗೆ ನಾಲ್ಕು ಎಲೆಕ್ಟ್ರಾನ್ ಕೀಳಬೇಕು. ಆ ಕಡೆಯ ವಾತಾವರಣವೋ, ಲೋಹವನ್ನೇ ತಿನ್ನುವಂಥದ್ದು.

ಹನಿ ತಾಗಿಸಿ ಕೆಲವು ಸೆಕೆಂಡು ಅಳೆದಾಗ ಕರೆಂಟು ಚೆನ್ನಾಗಿ ಬಂತು ಅನ್ನಿ. ಅದು ಆಮ್ಲಜನಕ ಬರುತ್ತಿರುವ ಕರೆಂಟಾ, ಇಲ್ಲಾ ಚುಕ್ಕೆಯೇ ಕರಗುತ್ತಿರುವ ಕರೆಂಟಾ? ಮೀಟರಿಗೆ ಎರಡೂ ಒಂದೇ. ಇದು ಈ ಕ್ಷೇತ್ರದ ದೊಡ್ಡ ತಲೆನೋವು. ಇನ್ನೊಂದು ತಲೆನೋವು ಕಲಬೆರಕೆ. ನಿಕ್ಕಲ್ ಬಹಳ ಒಳ್ಳೆ ಕ್ಯಾಟಲಿಸ್ಟ್ ಅಂತ ಎಷ್ಟೋ ವರ್ಷ ನಂಬಿದ್ದರು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕಣ್ಣಿಗೆ ಕಾಣದಷ್ಟು ಕಬ್ಬಿಣ ಇರುತ್ತೆ, ನಿಕ್ಕಲ್ ಅದನ್ನು ಹೀರಿಕೊಂಡು ಚುರುಕಾಗುತ್ತೆ ಅಂತ 1987ರಲ್ಲೇ ಒಬ್ಬರು ಹೇಳಿದ್ದರು. 2014ರಲ್ಲಿ ಅಮೆರಿಕದ ಒರೆಗಾನ್‌ನ ತಂಡ ದ್ರಾವಣದಿಂದ ಕಬ್ಬಿಣವನ್ನು ಪೂರ್ತಿ ತೆಗೆದು ನೋಡಿತು. ಶುದ್ಧ ನಿಕ್ಕಲ್ ಪೇಲವ!

ಹಾಗಾಗಿ ಹುಡುಕುವ ವೇಗ ಹೆಚ್ಚಿದೆ ನಿಜ, ಬಾಳಿಕೆ ನೋಡುವ ವೇಗ ಹೆಚ್ಚಿಲ್ಲ. ಕಾರ್ಖಾನೆಯವರು 60 ಸಾವಿರ ಗಂಟೆಗೂ ಮೇಲೆ ಬಾಳಬೇಕು ಅಂತಾರೆ, ಅದು ಏಳು ವರ್ಷದ ಹತ್ತಿರ. ಐದು ಸಾವಿರದಲ್ಲಿ ಐವತ್ತನ್ನು ವಾರದಲ್ಲಿ ಆರಿಸಬಹುದು. ಐವತ್ತರಲ್ಲಿ ಯಾವುದು ಏಳು ವರ್ಷ ಬಾಳುತ್ತೆ ಅನ್ನೋದಕ್ಕೆ ಪ್ರಿಂಟರ್ ಇಲ್ಲ. "ಹೊಸ ಕ್ಯಾಟಲಿಸ್ಟ್ ಪತ್ತೆ" ಅಂತ ಸುದ್ದಿ ಬಂದಾಗ ನಾನು ಮೊದಲು ಎಷ್ಟು ಗಂಟೆ ಓಡಿಸಿದ್ದಾರೆ ಅಂತ ಹುಡುಕುತ್ತೇನೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ಈಗ ರೋಬೋ, ಎ.ಐ. ಎಲ್ಲಾ ಬಂದು ತಾವೇ ಕಂಡುಹಿಡಿಯುತ್ತಿವೆಯಂತೆ. ಕೆಮಿಸ್ಟ್ರಿ ಓದಿ ಪ್ರಯೋಜನ ಇದೆಯಾ?
– ಪಿ.ಯು.ಸಿ. ವಿದ್ಯಾರ್ಥಿ, ಹಿರಿಯೂರು

ಉತ್ತರ: ಇದೆ ತಮ್ಮಾ, ಓದು. 2020ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಆಂಡ್ರೂ ಕೂಪರ್ ಅವರ ತಂಡ ಲ್ಯಾಬಿನಲ್ಲಿ ಓಡಾಡುವ ರೋಬೋ ಬಿಟ್ಟಿತು. ಎಂಟು ದಿನದಲ್ಲಿ 688 ಪ್ರಯೋಗ. ಶುರು ಮಾಡಿದ ಮಿಶ್ರಣಕ್ಕಿಂತ ಆರು ಪಟ್ಟು ಚೆನ್ನಾಗಿ ಹೈಡ್ರೋಜನ್ ಕೊಡುವ ಮಿಶ್ರಣ ಹುಡುಕಿತು. ಕೇಳಲು ಭಾರೀ ಇದೆ. ಆದರೆ ಆ ಬಾಟಲಿಯಲ್ಲಿ ಸಿಸ್ಟೀನ್ ಅನ್ನುವ ಪದಾರ್ಥವೂ ಇತ್ತು. ಕಷ್ಟದ ಆಮ್ಲಜನಕದ ಭಾಗವನ್ನು ತಪ್ಪಿಸಲು ತಾನೇ ಖರ್ಚಾಗಿ ಹೋಗುವ ಪದಾರ್ಥ ಅದು. ಅಂದರೆ ನೀರು ಒಡೆಯುವ ಅರ್ಧ ಕೆಲಸ ಮಾತ್ರ ನಡೆದಿತ್ತು. ಅವರೇನೂ ಅದನ್ನು ಮುಚ್ಚಿಟ್ಟಿರಲಿಲ್ಲ, ಸುದ್ದಿ ಬರೆದವರು ಬಿಟ್ಟರು, ಅಷ್ಟೇ.

2023ರಲ್ಲಿ ಬರ್ಕ್‌ಲಿಯ ಸ್ವಯಂಚಾಲಿತ ಲ್ಯಾಬ್ 17 ದಿನದಲ್ಲಿ 41 ಹೊಸ ಪದಾರ್ಥ ಮಾಡಿತು ಅಂತ ಪ್ರಕಟವಾಯಿತು. ಬೇರೆ ರಸಾಯನಶಾಸ್ತ್ರಜ್ಞರು ಎಕ್ಸ್-ರೇ ದಾಖಲೆಗಳನ್ನು ಕೂತು ನೋಡಿ, ಇವುಗಳಲ್ಲಿ ಬಹಳಷ್ಟು ಮೊದಲೇ ಗೊತ್ತಿದ್ದವು, ಕೆಲವನ್ನು ತಪ್ಪಾಗಿ ಗುರುತಿಸಿದ್ದಾರೆ ಅಂತ ತಕರಾರು ತೆಗೆದರು. ತಕರಾರು ತೆಗೆಯಲು ಓದಿರಬೇಕಲ್ಲ!

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ ಮೂರೂ ಇದೆ. ಇವೆಲ್ಲಾ ಈ ಕೆಲಸಕ್ಕೆ ಬರುವುದಿಲ್ಲವೇ?
– ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಮೂರೂ ಬರುತ್ತವೆ, ಬೇರೆ ಬೇರೆ ಕೆಲಸಕ್ಕೆ. ಆದರೆ ಲಾರಿಯಲ್ಲಿ ಹೋಗುವ ಅದಿರು ಹಾಗೇ ಬರುವುದಿಲ್ಲ.

ಕಬ್ಬಿಣದ ಅದಿರಿನಲ್ಲಿರುವ ಹೆಮಟೈಟ್ ಕೆಂಪಗಿರುವುದೇ ಅದು ಬೆಳಕನ್ನು ಹೀರುವುದರಿಂದ. ಅಗ್ಗ, ವಿಷವಲ್ಲ, ಕ್ಷಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತೆ. ಕೊರತೆ ಒಂದೇ, ಅದು ದೊಡ್ಡದು. ಬೆಳಕು ಬಿದ್ದಾಗ ಹುಟ್ಟುವ ವಿದ್ಯುದಂಶ ಹೆಮಟೈಟ್‌ನಲ್ಲಿ ಕೆಲವೇ ನ್ಯಾನೋಮೀಟರ್ ಸಾಗಿ ಸತ್ತುಹೋಗುತ್ತೆ. ಬೆಳಕು ಪೂರ್ತಿ ಹೀರಬೇಕಾದರೆ ಪದರ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ ಇರಬೇಕು. ಒಳಗೆ ಹುಟ್ಟಿದ್ದು ಮೇಲಕ್ಕೆ ಬರುವುದೇ ಇಲ್ಲ. ಟೈಟಾನಿಯಂ, ತವರ, ಸಿಲಿಕಾನ್ ಚಿಟಿಕೆಯಷ್ಟು ಬೆರೆಸಿ ಸರಿಪಡಿಸುವ ಪ್ರಯತ್ನ ದಶಕಗಳಿಂದ ನಡೆದಿದೆ.

ಮ್ಯಾಂಗನೀಸ್ ಕಥೆ ಇನ್ನೂ ಚೆನ್ನ. ಗಿಡಗಳು ನೀರು ಒಡೆಯೋದೇ ಅದರಿಂದ, ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಪುಟ್ಟ ಗಂಟು. ಜಪಾನಿನವರು 2011ರಲ್ಲಿ ಅದರ ರಚನೆಯನ್ನು ಸ್ಪಷ್ಟವಾಗಿ ತೋರಿಸಿದರು. ಎಲೆಯೊಳಗಿನ ಆ ವ್ಯವಸ್ಥೆಯೂ ಆಗಾಗ ಕೆಡುತ್ತೆ, ಗಿಡ ರಿಪೇರಿ ಮಾಡಿಕೊಳ್ಳುತ್ತಲೇ ಇರುತ್ತೆ. ನಮ್ಮ ಯಂತ್ರಕ್ಕೆ ಆ ಭಾಗ್ಯ ಇಲ್ಲ.

ನಿಮ್ಮ ಇಂಗಳದಾಳಿನ ತಾಮ್ರ ಇದೆಯಲ್ಲ, ಆ ಲೋಹದ ಕೆಲಸ ಇಂಗಾಲದ ಡೈಆಕ್ಸೈಡನ್ನು ಇಂಧನ ಮಾಡುವುದರಲ್ಲಿದೆ. ಮೀಥೇನ್, ಎಥಿಲೀನ್ ಥರದವನ್ನು ಲೆಕ್ಕಕ್ಕೆ ಬರುವಷ್ಟು ಕೊಡುವ ಶುದ್ಧ ಲೋಹ ತಾಮ್ರ ಒಂದೇ ಅಂತ ಯೋಶಿಯೊ ಹೋರಿ 1980ರ ದಶಕದಲ್ಲೇ ತೋರಿಸಿದ್ದರು. 2020ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಆರಿಸಿ ತಾಮ್ರ-ಅಲ್ಯೂಮಿನಿಯಂ ಮಿಶ್ರಣ ಮಾಡಿದರು. ಹರಿದ ಕರೆಂಟಿನಲ್ಲಿ ಶೇ 80ರಷ್ಟು ಎಥಿಲೀನ್‌ಗೇ ಹೋಯಿತು.

ಅಗ್ಗದ ಲೋಹಕ್ಕೆ ಇಷ್ಟು ಒದ್ದಾಟ ಯಾಕೆ ಅಂದರೆ, ಆಮ್ಲೀಯ ಎಲೆಕ್ಟ್ರೋಲೈಸರ್‌ಗಳಲ್ಲಿ (ಕರೆಂಟಿನಿಂದ ನೀರು ಒಡೆಯುವ ಯಂತ್ರಗಳು) ಈಗ ಬಾಳುತ್ತಿರುವುದು ಇರಿಡಿಯಂ. ಪ್ರಪಂಚದಲ್ಲಿ ವರ್ಷಕ್ಕೆ ಏಳೆಂಟು ಟನ್ ಸಿಗುತ್ತೆ, ಅದರಲ್ಲಿ ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾದ್ದು. ಒಂದು ಲಾರಿ ಲೋಡೂ ಇಲ್ಲ!

ಪ್ರಶ್ನೆ: ಎಂಟುನೂರು ಅಡಿ ಬೋರು ಕೊರೆಸಿದರೂ ನೀರಿಲ್ಲ. ಇರೋ ನೀರನ್ನೂ ಒಡೆದು ಹಾಕ್ತೀರಾ?
– ರೈತರು, ಚಳ್ಳಕೆರೆ

ಉತ್ತರ: ಅಣ್ಣಾ, ಸಿಟ್ಟು ಅರ್ಥವಾಗುತ್ತೆ. ಲೆಕ್ಕ ನೋಡಿ. ಒಂದು ಕಿಲೋ ಹೈಡ್ರೋಜನ್‌ಗೆ 9 ಲೀಟರ್ ನೀರು. ನೀರನ್ನು ಶುದ್ಧ ಮಾಡುವಾಗ ಹೋಗುವುದು, ತಂಪು ಮಾಡಲು ಬೇಕಾದದ್ದು ಸೇರಿದರೆ ಅದರ ಎರಡು-ಮೂರು ಪಟ್ಟು. ಒಂದು ಮೆಗಾವ್ಯಾಟ್ ಎಲೆಕ್ಟ್ರೋಲೈಸರ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಸುಮಾರು 450 ಕಿಲೋ ಹೈಡ್ರೋಜನ್, ಒಡೆಯುವ ನೀರು 4 ಸಾವಿರ ಲೀಟರ್. ಒಂದು ಟ್ರ್ಯಾಕ್ಟರ್ ಟ್ಯಾಂಕರ್ ಅನ್ನಿ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯ ಕರೆಂಟಿನಿಂದ ಮಾಡಿದ್ದು) ಅಂತ ಕೇಂದ್ರ ಸರ್ಕಾರ 2023ರಲ್ಲಿ ಗುರಿ ಇಟ್ಟಿತ್ತು. ಅಷ್ಟಕ್ಕೂ ಒಡೆಯುವ ನೀರು 1.6 ಟಿ.ಎಂ.ಸಿ., ಮಾರಿಕಣಿವೆ ಜಲಾಶಯದಲ್ಲಿ ಹಿಡಿಯುವುದು 30 ಟಿ.ಎಂ.ಸಿ. ಇಡೀ ದೇಶಕ್ಕೆ ಇದು ದೊಡ್ಡದಲ್ಲ. ಆದರೆ ದೇಶದ ಲೆಕ್ಕ ಬೇರೆ, ನಿಮ್ಮೂರ ಲೆಕ್ಕ ಬೇರೆ. ಬಿಸಿಲು ಚೆನ್ನಾಗಿದೆ ಅಂತ ಒಣ ತಾಲ್ಲೂಕಿನಲ್ಲೇ ಘಟಕ ಹಾಕಿ ಅಲ್ಲಿನ ಬೋರಿಗೇ ಪೈಪು ಇಟ್ಟರೆ ಅದು ತಪ್ಪೇ. ಕರೆಂಟನ್ನು ತಂತಿಯಲ್ಲಿ ದೂರ ಒಯ್ಯಬಹುದು, ನೀರಿರುವ ಕಡೆ ಒಡೆಯಬಹುದು.

ಪ್ರಶ್ನೆ: ಸೋಲಾರ್ ಪ್ಯಾನಲ್ಲಿಗೆ ಎಲೆಕ್ಟ್ರೋಲೈಸರ್ ಕಟ್ಟಿದರೆ ಮುಗಿಯಿತಲ್ಲ? ಬೆಳಕು ಬಿದ್ದರೆ ನೀರು ಒಡೆಯುವ ಪುಡಿ ಯಾಕೆ?
– ಸೋಲಾರ್ ಅಂಗಡಿಯವರು, ಚಿತ್ರದುರ್ಗ

ಉತ್ತರ: ಇವತ್ತಿನ ಮಟ್ಟಿಗೆ ನೀವು ಹೇಳಿದ್ದೇ ಸರಿ. ಪ್ಯಾನಲ್ ಶೇ 20, ಎಲೆಕ್ಟ್ರೋಲೈಸರ್ ಶೇ 65-70, ಎರಡೂ ಸೇರಿ ಬಿಸಿಲಿನ ಶೇ 13-14 ಹೈಡ್ರೋಜನ್ ಆಗುತ್ತೆ. ಜಪಾನಿನ ಕಜುನಾರಿ ಡೊಮೆನ್ ತಂಡ ಪುಡಿ ಹಚ್ಚಿದ ಹಾಳೆಗಳನ್ನು 100 ಚದರ ಮೀಟರ್‌ನಷ್ಟು ಬಯಲಿನಲ್ಲಿಟ್ಟು 2021ರಲ್ಲಿ ಫಲಿತಾಂಶ ಕೊಟ್ಟಿತು. ಅದು ಶೇ 0.76. ಹಾಳೆ ಅಗ್ಗ ಆಗಬಹುದು ಅನ್ನೋದು ಆಸೆ. ಹೈಡ್ರೋಜನ್, ಆಮ್ಲಜನಕ ಎರಡೂ ಒಟ್ಟಿಗೇ ಬರುವುದರಿಂದ ಬೇರ್ಪಡಿಸುವ ಅಪಾಯದ ಕೆಲಸ ಬೇರೆ. ನಿಮ್ಮ ಪ್ಯಾನಲ್ ವ್ಯಾಪಾರಕ್ಕೆ ಸದ್ಯ ಭಯ ಇಲ್ಲ. ಅಂದಹಾಗೆ ಎಲೆಕ್ಟ್ರೋಲೈಸರ್ ಒಳಗೂ ಕ್ಯಾಟಲಿಸ್ಟ್ ಬೇಕೇ ಬೇಕು, ಹುಡುಕಿದ್ದು ಯಾವ ಕಡೆ ಹೋದರೂ ವ್ಯರ್ಥವಲ್ಲ.

ಪ್ರಶ್ನೆ: ನಮ್ಮ ಶಾಲೆಯ ಸೈನ್ಸ್ ಕ್ಲಬ್‌ನಲ್ಲಿ ಇಂಥದ್ದು ಏನಾದರೂ ಮಾಡಬಹುದಾ?
– ಪ್ರೌಢಶಾಲೆ ಮಕ್ಕಳು, ಜಗಳೂರು

ಉತ್ತರ: ಅಮೆರಿಕದಲ್ಲಿ ಬ್ರೂಸ್ ಪಾರ್ಕಿನ್ಸನ್ ಅನ್ನುವ ಪ್ರೊಫೆಸರ್ ಇದನ್ನೇ ಮಾಡಿದರು. ಇಂಕ್‌ಜೆಟ್ ಪ್ರಿಂಟರ್, ಲೇಸರ್ ಪಾಯಿಂಟರ್, ಲೆಗೋ ಮೋಟಾರು ಸೇರಿಸಿ ಕಿಟ್ ತಯಾರಿಸಿ ವಿದ್ಯಾರ್ಥಿಗಳಿಗೆ ಕೊಟ್ಟರು. ಪ್ರಿಂಟ್ ಮಾಡಿದ ಚುಕ್ಕೆಗಳ ಮೇಲೆ ಲೇಸರ್ ಓಡಿಸಿ ಯಾವುದು ಕರೆಂಟು ಕೊಡುತ್ತೆ ನೋಡುವುದು. ಅವರ ತಂಡಕ್ಕೆ ಹೀಗೆ ಹುಡುಕುವಾಗಲೇ ಕೋಬಾಲ್ಟ್, ಅಲ್ಯೂಮಿನಿಯಂ, ಕಬ್ಬಿಣ ಸೇರಿದ ಹೊಸ ಆಕ್ಸೈಡ್ ಸಿಕ್ಕಿತ್ತು. ನಿಮಗೆ ಕೋಬಾಲ್ಟ್, ನಿಕ್ಕಲ್ ಲವಣ ಬೇಡ, ಅವು ವಿಷ.

ಸುಲಭದ್ದು ಹೇಳುತ್ತೇನೆ. ಒಂದು ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ. ಅಡುಗೆ ಉಪ್ಪು ಬೇಡ, ಕ್ಲೋರಿನ್ ಬರುತ್ತೆ. 1.5 ವೋಲ್ಟಿನ ಎರಡು ಸೆಲ್ ಸರಣಿಯಲ್ಲಿ ಕಟ್ಟಿ. ಮೈನಸ್ ಕಡೆ ಯಾವಾಗಲೂ ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿಯೇ ಇರಲಿ. ಪ್ಲಸ್ ಕಡೆ ಮಾತ್ರ ಬದಲಾಯಿಸುತ್ತಾ ಹೋಗಿ: ಪೆನ್ಸಿಲ್ ಕಡ್ಡಿ, ಕಬ್ಬಿಣದ ಮೊಳೆ, ತಾಮ್ರದ ತಂತಿ. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರಲ್ಲಿ ಕ್ರೋಮಿಯಂ ಇರುತ್ತೆ. ಎಲ್ಲವೂ ಒಂದೇ ಆಳ ಮುಳುಗಿರಲಿ, ಮಧ್ಯದ ಅಂತರ ಒಂದೇ ಇರಲಿ. ಮಲ್ಟಿಮೀಟರ್‌ನಲ್ಲಿ ಕರೆಂಟು ಬರೆದುಕೊಳ್ಳಿ, ಪ್ಲಸ್ ಕಡೆ ಗುಳ್ಳೆ ಎಷ್ಟು ಬರುತ್ತಿದೆ ಅದನ್ನೂ ಪಕ್ಕದಲ್ಲೇ ಬರೆಯಿರಿ. ತಾಮ್ರಕ್ಕೆ ಬಂದಾಗ ಸ್ವಲ್ಪ ಹೊತ್ತು ಬಿಟ್ಟು ನೀರಿನ ಬಣ್ಣ ನೋಡಿ. ನೀಲಿ-ಹಸಿರು ಕಂಡರೆ ನಿಮ್ಮ ಮೀಟರ್ ತೋರಿಸಿದ ಕರೆಂಟಿನಲ್ಲಿ ಒಂದು ಪಾಲು ಎಲ್ಲಿಗೆ ಹೋಯಿತು ಅಂತ ಮೇಲೆ ದಲಾಲಿ ಅಂಗಡಿಯವರಿಗೆ ಕೊಟ್ಟ ಉತ್ತರ ಓದಿ. ಕಿಟಕಿ ತೆಗೆದಿರಲಿ, ಲೋಟ ಮುಚ್ಚಬೇಡಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ಟೀಚರ್ ಎದುರಿಗೇ ಮಾಡಿ. ಆ ಟೀಚರ್‌ಗೆ ಒಂದು ಮಾತು: ಚಳ್ಳಕೆರೆ ಹತ್ತಿರ ಐ.ಐ.ಎಸ್‌ಸಿ.ಯ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರ ಇದೆ, ವಿಚಾರಿಸಿ ನೋಡಿ. ಮೂರೂ ಕಡ್ಡಿಗಳ ರೀಡಿಂಗ್ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.